ಐದಕ್ಷರದ ಬೀಗ

ಕಪಾಟಿನ ಬೀಗಕ್ಕೆ ಕೀಲಿಕೈ ಇರಲಿಲ್ಲ. ಇದ್ದದ್ದು ಐದು ಉಂಗುರ. ಒಂದೊಂದರ ಮೇಲೂ ಇಪ್ಪತ್ತಾರು ಇಂಗ್ಲಿಷ್ ಅಕ್ಷರ. ತಿರುಗಿಸಿ ಸರಿಯಾದ ಪದ ಕೂಡಿಸಿದರೆ ಬೀಗ ಬಾಯಿ ಬಿಡುತ್ತಿತ್ತು. ಪದವನ್ನು ತಿಂಗಳಿಗೊಮ್ಮೆ ಬದಲಾಯಿಸಬೇಕು, ಎಲ್ಲೂ ಬರೆದಿಡಬಾರದು, ಯಾರಿಗೂ ಹೇಳಬಾರದು ಎಂದು ಸಾಹೇಬರ ನಿಯಮ. ಮೊಹರಪ್ಪ ಮೂರನ್ನೂ ಪಾಲಿಸಿದ್ದ. ಅದೇ ತಪ್ಪಾಯಿತು.

ಜನನ ಮರಣ ನೋಂದಣಿಯ ಆ ಕಚೇರಿಯ ಮೊಹರು ಅವನ ಸುಪರ್ದಿನಲ್ಲಿತ್ತು, ಹೆಸರೂ ಹಾಗೇ ಅಂಟಿಕೊಂಡಿತ್ತು. ಬೆಳಿಗ್ಗೆ ಹತ್ತಕ್ಕೆ ಮೊಹರು ತೆಗೆಯಲು ಹೋಗಿ ಉಂಗುರದ ಮೇಲೆ ಬೆರಳಿಟ್ಟ. ತಲೆ ಒರೆಸಿದ ಸ್ಲೇಟಿನ ಹಾಗಿತ್ತು.

ಬೇರೆ ದಿನವಾಗಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ನಾಲ್ಕು ವರ್ಷದಿಂದ ಅವನು ಈ ಊರಲ್ಲಿ, ಅವನ ಹೆಂಡತಿ ಒಂದು ರಾತ್ರಿಯ ರೈಲು ದೂರದ ಆಸ್ಪತ್ರೆಯಲ್ಲಿ ನರ್ಸು. ಕೊನೆಗೂ ಅವಳೂರಿಗೆ ವರ್ಗವಾಗಿತ್ತು. ಸಂಜೆ ಐದರೊಳಗೆ ಮೊಹರನ್ನು ಹೊಸಬನ ಕೈಗೊಪ್ಪಿಸಿ ಸಹಿ ಹಾಕಬೇಕು. ಇಲ್ಲದಿದ್ದರೆ ಆದೇಶ ರದ್ದು. ಜಾರಿಯಾಗಲಿ, ರದ್ದಾಗಲಿ, ಮುಂದಿನ ಮೂರು ವರ್ಷ ಇನ್ನೊಂದು ಅರ್ಜಿ ಹಾಕುವಂತಿಲ್ಲ. ಹೆಂಡತಿಗೆ ಅವನು ಈ ಸುದ್ದಿ ಹೇಳಿರಲಿಲ್ಲ. ನಾಳೆ ಬೆಳಿಗ್ಗೆ ಬಾಗಿಲು ತಟ್ಟಿ ಅವಳ ಮುಖ ನೋಡಬೇಕೆಂದಿದ್ದ.

“ಐದಕ್ಷರ. ಎರಡನೇದು ಆರ್, ಕೊನೇದು ಇ. ಅಷ್ಟೇ ನೆನಪಿರೋದು,” ಅಂದ.

“ಸುತ್ತಿಗೆ ತರ್ಲಾ?” ಅಂದ ಜವಾನ.

“ಬೀಗ ಸರ್ಕಾರದ್ದು,” ಅಂದರು ಸಾಹೇಬರು. “ಒಡೀಬೇಕಾದ್ರೆ ಮೇಲಿನಿಂದ ಅನುಮತಿ ಬೇಕು. ಮೂರು ಪ್ರತಿ.”

“ಎಷ್ಟು ದಿನ ಹಿಡಿಯತ್ತೆ ಸಾರ್?”

“ಕಿಟಕಿ ಗಾಜಿಗೆ ಎಂಟು ತಿಂಗಳು ಹಿಡೀತು. ಇದು ಕಬ್ಬಿಣ.”

ವರ್ಗವಾಗಿ ಬಂದಿದ್ದ ಹೊಸಬ ಕುರ್ಚಿಯ ತುದಿಗೆ ಬಂದ. “ಐದು ದಾಟಿದ್ರೆ ನಾನೂ ವಾಪಸ್ ಹೋಗ್ಬೇಕಲ್ರೀ! ಅಲ್ಲಿ ನಮ್ಮತ್ತೆ ಇದ್ದಾರೆ. ದಮ್ಮಯ್ಯ, ನೆನಪು ಮಾಡ್ಕೊಳ್ರೀ!”

ಟೈಪಿಸ್ಟಮ್ಮ ಕನ್ನಡಕ ಏರಿಸಿದರು. “ಇದಕ್ಕೇನು ತಲೆ ಕೆಡಿಸ್ಕೊಳ್ತೀರಾ? ಈ ಪ್ರಾಣಿ ಹೆಂಡ್ತೀನ ಬಿಟ್ಟು ಇನ್ನೇನು ಯೋಚಿಸತ್ತೆ? ಬ್ರೈಡ್ ಅಂತ ಹಾಕಿ.”

ಹಾಕಿದರು. ಬೀಗ ಅಲ್ಲಾಡಲಿಲ್ಲ. “ಅಷ್ಟೂ ಪ್ರೀತಿ ಇಲ್ವೇನಪ್ಪ,” ಎಂದು ಟೈಪಿಸ್ಟಮ್ಮ ತಮ್ಮ ಯಂತ್ರಕ್ಕೆ ಮರಳಿದರು.

ಪ್ರೀತಿಯೇನೋ ಇತ್ತು. ದಿನಾ ಸಂಜೆ ಫೋನಿನಲ್ಲಿ ಗಂಡಹೆಂಡತಿ ಒಂದು ಆಟ ಆಡುತ್ತಿದ್ದರು. ಒಬ್ಬರು ಐದಕ್ಷರದ ಇಂಗ್ಲಿಷ್ ಪದವೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇನ್ನೊಬ್ಬರು ಒಂದೊಂದೇ ಅಕ್ಷರ ಕೇಳುತ್ತ ಹಿಡಿಯಬೇಕು. ಹೇಳಿಕೊಳ್ಳಲು ಸುದ್ದಿಯಿಲ್ಲದ ದಿನ, ಜಗಳವಾಡಿದ ದಿನ, ಎರಡಕ್ಕೂ ಅದು ಒದಗುತ್ತಿತ್ತು. ಗೆದ್ದ ಪದಗಳನ್ನು ಅವಳು ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಮೊಹರಪ್ಪ ತಿಂಗಳ ಮೊದಲಿಗೆ ಹಿಂದಿನ ಸಂಜೆಯ ಪದವನ್ನೇ ಬೀಗಕ್ಕೆ ಕೂಡಿಸುತ್ತಿದ್ದ. ಭಾನುವಾರದ ಪದ ಸೋಮವಾರ ಬೀಗಕ್ಕೇರಿತ್ತು. ಸೋಮವಾರ ಮಧ್ಯಾಹ್ನ ವರ್ಗದ ಆದೇಶ ಬಂದಿತ್ತು. ಆ ಸಂತೋಷದಲ್ಲಿ ಪದ ಹಾರಿಹೋಗಿತ್ತು. ಇವತ್ತು ಮಂಗಳವಾರ. ಅವಳ ಫೋನು ಬೆಳಗಿನಿಂದ ಆಫ್.

ಹನ್ನೊಂದಕ್ಕೆ ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ನಿಘಂಟನ್ನು ಎಳೆಮಗುವಿನ ಹಾಗೆ ತೋಳಲ್ಲೆತ್ತಿಕೊಂಡು ಬಂದರು. ಹನ್ನೊಂದು ವರ್ಷದಿಂದ ಅವರ ಹತ್ತಿರ ಯಾರೂ ಇಂಗ್ಲಿಷ್ ಕೇಳಿರಲಿಲ್ಲ.

“ಯಾರೂ ಗಡಿಬಿಡಿ ಮಾಡಬೇಡಿ. ‘ಎ’ಯಿಂದ ಕ್ರಮವಾಗಿ ಹೋಗೋಣ. ಅರೈಸ್!”

ಜವಾನ ತಿರುಗಿಸಿದ. ಇಲ್ಲ. ಮೇಷ್ಟ್ರು ಅದರ ಅರ್ಥ ಹೇಳಿದರು, ವಾಕ್ಯದಲ್ಲಿ ಬಳಸಿ ತೋರಿಸಿದರು. ನಂತರವೇ ಮುಂದಿನ ಪದ.

“ಬ್ರೈಬ್!”

ಎಲ್ಲರೂ ಚಾವಣಿ ನೋಡಿದರು. ಮಗುವಿನ ಜನನ ಪತ್ರಕ್ಕೆಂದು ಬೆಂಚಿನ ಮೇಲೆ ಕಾದಿದ್ದ ತಂದೆಯೊಬ್ಬ, “ಲಂಚಕ್ಕೆ ತೆಗೆಯದ ಬೀಗ ಇದೆಯಾ ಇಲ್ಲಿ?” ಅಂದ.

ಇತ್ತು. ಸಾಹೇಬರು ಉಸಿರು ಬಿಟ್ಟದ್ದು ನೆಮ್ಮದಿಗೋ ನಿರಾಸೆಗೋ ತಿಳಿಯಲಿಲ್ಲ.

ಕ್ರೇನ್, ಕ್ರೈಮ್, ಡ್ರೈವ್ ಆಗುವಷ್ಟರಲ್ಲಿ ಊಟದ ಹೊತ್ತಾಯಿತು. ‘ಜಿ’ಯಲ್ಲಿ ಜವಾನನ ಹೆಬ್ಬೆರಳು ಬಾತಿತು. ಮೂರಕ್ಕೆ ಬೆಂಚಿನ ತಂದೆ ಎದ್ದ. “ನಮ್ಮ ಮಗು ಶಾಲೆಗೆ ಸೇರೋ ಹೊತ್ತಿಗಾದ್ರೂ ತೆಗೀತೀರಾ?” ಹೊಸಬ ಗಡಿಯಾರದ ಕೆಳಗೆ ನಿಂತು ಅತ್ತೆಯನ್ನು ನೆನೆಯುತ್ತಿದ್ದ. ನಾಲ್ಕೂ ನಲವತ್ತೈದಕ್ಕೆ ಮೇಷ್ಟ್ರು ‘ಪಿ’ಗೆ ಬಂದರು.

“ಬೇಗ ಮೇಷ್ಟ್ರೇ!” ಅಂದ ಹೊಸಬ.

“ಬೇಗ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ, ಹೇಳು ನೋಡೋಣ.”

ಆಗ ಮೊಹರಪ್ಪನ ಫೋನು ಬಡಿದುಕೊಂಡಿತು. ಹೆಂಡತಿ.

“ಹದಿನೇಳು ಸಲ ಮಾಡಿದೀಯಲ್ಲ, ಏನಾಯ್ತೋ?”

“ಏನಿಲ್ಲ. ಭಾನುವಾರದ ಪದ ಯಾವುದಿತ್ತು?”

“ಅದಕ್ಕಾ ಹದಿನೇಳು ಸಲ?” ಪುಟ ತಿರುವಿದ ಸದ್ದು. “ಟ್ರೂಸ್. ಟಿ, ಆರ್, ಯು, ಸಿ, ಇ. ಅವತ್ತು ಜಗಳ ಆಡಿದ್ವಲ್ಲ, ವರ್ಗಕ್ಕೆ ಯಾರು ಅರ್ಜಿ ಹಾಕೋದು ಅಂತ? ರಾಜಿ ಆಗೋಣ, ಇನ್ನು ಆ ಮಾತೇ ಬೇಡ ಅಂತ ನಾನೇ ಆ ಪದ ಇಟ್ಟಿದ್ದೆ. ಅಷ್ಟು ಬೇಗ ಮರೆತ್ಯಾ?”

“ನೀನು ನನ್ನ ಪ್ರಾಣ ಉಳಿಸಿದೆ,” ಎಂದು ಅವನು ಫೋನಿಟ್ಟ.

ಬೀಗ ತೆರೆಯಿತು. ನಾಲ್ಕೂ ಐವತ್ತಾರಕ್ಕೆ ಮೊಹರು ಕೈ ಬದಲಾಯಿಸಿತು, ಸಹಿಗಳು ಬಿದ್ದವು, ಸಾಹೇಬರು ಗಂಟೆ ನಿಮಿಷ ಬರೆದರು. ಹೊಸಬ ಸಂತೋಷಕ್ಕೆ ಜವಾನನನ್ನೇ ತಬ್ಬಿದ. ಬೇಸರಪಟ್ಟದ್ದು ಮೇಷ್ಟ್ರು ಮಾತ್ರ. “ಇನ್ನೇನು ‘ಟಿ’ಗೆ ಬರ್ತಿದ್ದೆ.”

ಐದೂ ಹತ್ತಕ್ಕೆ ಬಾಗಿಲಲ್ಲಿ ಒಂದು ದೊಡ್ಡ ಸೂಟ್‌ಕೇಸು ಕಾಣಿಸಿತು, ಅದರ ಹಿಂದೆ ಅವಳು.

“ಹೀಗೆ ಬಾಯಿ ಬಿಟ್ಕೊಂಡು ನಿಲ್ತೀಯ ಅಂತ ಗೊತ್ತಿತ್ತು,” ಅಂದಳು. “ಗುಟ್ಟಾಗಿ ಅರ್ಜಿ ಹಾಕಿದ್ದೆ. ಇಲ್ಲಿನ ಆಸ್ಪತ್ರೆಗೇ ವರ್ಗ ಆಯ್ತು. ಮಧ್ಯಾಹ್ನವೇ ಡ್ಯೂಟಿಗೆ ಸೇರ್ಕೊಂಡೆ. ಮೂರು ವರ್ಷ ಯಾರೂ ಅಲ್ಲಾಡಿಸೋ ಹಾಗಿಲ್ಲ!”

ಹೊಸಬ ಮೊಹರನ್ನು ಎದೆಗೊತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಟೈಪಿಸ್ಟಮ್ಮ ಯಂತ್ರಕ್ಕೆ ಹೊದಿಕೆ ಹಾಕಿದರು. ಸಾಹೇಬರು ಸಹಿ ಬಿದ್ದ ಕಾಗದವನ್ನು ಅವಳ ಕಡೆ ತಿರುಗಿಸಿದರು.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಸಮಯದ ಹತ್ತಿರ ಬೆರಳು ನಿಂತಿತು. ಕಪಾಟಿಗೆ ತೂಗುತ್ತಿದ್ದ ತೆರೆದ ಬೀಗದ ಉಂಗುರಗಳಲ್ಲಿ ಟ್ರೂಸ್ ಎಂದಿದ್ದದ್ದು ಕಂಡಿತು.

“ಮೊಹರು ಇದ್ದದ್ದು ಆ ಬೀಗದೊಳಗಾ?”

“ಹೂಂ.”

“ಪದ ಹೇಳಿದ್ದು ನಾನಾ?”

“ಹೂಂ.”

ಅವಳು ಸೂಟ್‌ಕೇಸಿನ ಮೇಲೆ ಕೂತಳು. “ನಿನ್ನ ರೈಲು ಎಷ್ಟೊತ್ತಿಗೆ?”

“ಏಳಕ್ಕೆ.”

“ಹಾಗಾದ್ರೆ ಇನ್ನೂ ಹೊತ್ತಿದೆ.” ಕೈಚೀಲದಿಂದ ಪುಸ್ತಕ ತೆಗೆದು ತಾರೀಖು ಬರೆದಳು. “ಇವತ್ತು ನಿನ್ನ ಸರದಿ. ಒಂದು ಪದ ಯೋಚಿಸ್ಕೊ.”

ಮೇಷ್ಟ್ರು ಸದ್ದಿಲ್ಲದೆ ನಿಘಂಟನ್ನು ಅವನ ಕಡೆ ತಳ್ಳಿದರು.