ಎರಡು ಗಂಟೆಯ ಮೋಟರ್

ಹಳ್ಳದ ನೀರಿನ ಸರದಿ ವೀರೇಂದ್ರನಿಗೆ ಬಂದದ್ದು ಮಂಗಳವಾರ. ಅವನ ಸೋಲಾರ್ ಪಂಪಿನ ಮೋಟರಿಗೆ ಮಾತ್ರ ಅವಸರವಿರಲಿಲ್ಲ. ಮಂಜು ಕರಗಿ ಬಿಸಿಲು ಬಿದ್ದ ಮೇಲೂ ಅದು ಅರೆನಿದ್ದೆಯಲ್ಲಿ ಎಬ್ಬಿಸಿದ ಎಮ್ಮೆಯ ಹಾಗೆ ಗೊಣಗುತ್ತಿತ್ತು. ಗುಡ್ಡದ ಮೇಲಿನ ಸ್ಪ್ರಿಂಕ್ಲರ್ ಕತ್ತು ತಿರುಗಿಸಲೂ ಒಲ್ಲದು.

ಬಣಕಲ್ ಹತ್ತಿರದ ಆ ಹಳ್ಳವನ್ನು ಮೂರು ತೋಟದವರು ದಿನಕ್ಕೊಬ್ಬರಂತೆ ಹಂಚಿಕೊಂಡಿದ್ದರು. ವೀರೇಂದ್ರನ ಅರ್ಧ ಎಕರೆ ರೊಬಸ್ಟಾ ಕಾಫಿ ಇವತ್ತೇ ನೆನೆಯಬೇಕು. ಶುಕ್ರವಾರದ ಸರದಿಗೆ ಕಾದರೆ ಮೊಗ್ಗು ಒಣಗುತ್ತದೆ, ವರ್ಷದ ಫಸಲೂ ಅದರ ಜೊತೆಗೇ ಹೋಗುತ್ತದೆ.

ಉಳಿದಿಬ್ಬರು ಪಾಲುದಾರರು ಹತ್ತು ಗಂಟೆಗೆಲ್ಲ ಹಾಜರಾದರು. ಮೇಲಿನ ತೋಟದ ವಿಶಾಲಾಕ್ಷಮ್ಮ ಪ್ಯಾನೆಲ್ಲಿಗೆ ಕೊಳೆ ಹಿಡಿದಿದೆ ಎಂದು ತೀರ್ಮಾನಿಸಿ, ಬಟ್ಟೆ ಸೋಪು ಹಾಕಿ ಉಜ್ಜಿಸಿದರು. ನೊರೆ ಒಣಗಿ ಪ್ಯಾನೆಲ್ ವಿಭೂತಿ ಬಳಿದ ಹಾಗಾಯಿತು. ಮೋಟರ್ ಪೂರ್ತಿ ನಿಂತಿತು. ಪ್ಯಾನೆಲ್ಲನ್ನು ಮತ್ತೆ ತೊಳೆದು ಮುಗಿಸುವಷ್ಟರಲ್ಲಿ ಕೆಳಗಿನ ತೋಟದ ಗುರುವಯ್ಯ, ಪೈಪಿನಲ್ಲಿ ಗಾಳಿ ಸೇರಿದೆ ಎಂದು ಜಾಯಿಂಟ್ ಬಿಚ್ಚಿದರು. ಪೈಪ್ ಕಳಚಿ ಅವರ ಕಡೆಗೇ ತಿರುಗಿತು. ಆದರೂ ನೆನೆದದ್ದು ಪಂಚೆಯ ಅಂಚು ಮಾತ್ರ. ನೀರಿನ ರಭಸ ಅಷ್ಟೇ ಇತ್ತು.

ಕೊನೆಗೆ ವೀರೇಂದ್ರ ಬಣಕಲ್‌ನಿಂದ ಮೆಕ್ಯಾನಿಕ್ ಮುಜಮ್ಮಿಲ್‌ನನ್ನು ಕರೆತಂದ. ಅವನು ಮೋಟರಿನ ಮೈ ಮುಟ್ಟಿ ಕೈ ಹಿಂತೆಗೆದ.

"ಇದು ದುಡೀತಾ ಇದೆ ಅಣ್ಣ. ಆದ್ರೆ ನೀರೆತ್ತೋಕಲ್ಲ, ಬಿಸಿಯಾಗೋಕೆ. ಬೇರಿಂಗ್ ಹೋಗಿದೆ. ಇಷ್ಟು ಸಣ್ಣ ವೈರ್ ಎಳೆದವರು ಯಾರು?"

ಎಳೆದದ್ದು ವೀರೇಂದ್ರನೇ. ಅವನು ಆಕಾಶ ನೋಡಿದ.

ಹೊಸ ಬೇರಿಂಗ್ ಕೂತು, ದಪ್ಪ ವೈರ್ ಬಂದು, ಎರಡೂವರೆಗೆ ಸ್ವಿಚ್ ಹಾಕಿದರು. ಮೋಟರ್ ಗೊಣಗಲೇ ಇಲ್ಲ. ಗುಡ್ಡದ ಮೇಲೆ ಸ್ಪ್ರಿಂಕ್ಲರ್ ಗಿರಗಿರ ತಿರುಗಿ ಗಿಡಗಳ ನೆತ್ತಿ ತೋಯಿಸಿತು. ವೀರೇಂದ್ರನ ಎದೆಯುಬ್ಬಿತು.

"ಇನ್ನು ಒಂಚೂರು ಬೆಳಕು ಕಂಡ್ರೆ ಸಾಕು, ಓಡುತ್ತೆ. ಇಡೀ ದಿನದ ಕೆಲ್ಸ ಎರಡೇ ಗಂಟೇಲಿ ಮುಗೀತು ಅಂತ್ಲೇ ಲೆಕ್ಕ."

ವಿಶಾಲಾಕ್ಷಮ್ಮ ಗುರುವಯ್ಯನ ಮುಖ ನೋಡಿದರು. ಗುರುವಯ್ಯ ಹಳ್ಳ ನೋಡಿದರು. ಪಂಪು ನೀರೆಳೆಯುವ ಗುಂಡಿಯಲ್ಲಿ ನೀರು ಆಗಲೇ ಒಂದು ಮೊಳ ಇಳಿದಿತ್ತು.

"ಎರಡು ಗಂಟೆ ಕೆಲ್ಸಕ್ಕೆ ಇಡೀ ದಿನ ಹಳ್ಳ ಯಾಕಪ್ಪ ನಿಂಗೆ?" ಎಂದರು ವಿಶಾಲಾಕ್ಷಮ್ಮ, ಮೆತ್ತಗೆ. "ನಿನ್ನ ಸರದಿ ದಿನ ಬೆಳಿಗ್ಗೆ ಆರರಿಂದ ಎಂಟು ಇಟ್ಕೋ. ಉಳಿದಿದ್ದು ನಾವಿಬ್ರೂ ನೋಡ್ಕೊಳ್ತೀವಿ."

"ಅಮ್ಮ, ಎಂಟಕ್ಕೆ ಇಲ್ಲಿ ಬಿಸಿಲೇ ಬಂದಿರಲ್ಲ."

"ಬೆಳಕು ಸಾಕು ಅಂದ್ಯಲ್ಲ ಮಾರಾಯ," ಎಂದರು ಗುರುವಯ್ಯ.

ವೀರೇಂದ್ರ ಮುಜಮ್ಮಿಲ್ ಕಡೆ ತಿರುಗಿದ. ಮುಜಮ್ಮಿಲ್ ಬಗ್ಗಿ ಸ್ಪ್ಯಾನರ್ ಒರೆಸುತ್ತಿದ್ದ.

"ಆಯ್ತು, ಮುಂದಿನ ಸಲದಿಂದ," ಎಂದ ವೀರೇಂದ್ರ. " ಇವತ್ತೊಂದಿನ ಬಿಡಿ. ಇನ್ನೂ ಎರಡು ಸಾಲೂ ನೆಂದಿಲ್ಲ."

"ಇವತ್ತಿನ ಆರರಿಂದ ಎಂಟು ಯಾವಾಗ್ಲೋ ಆಗೋಯ್ತಲ್ಲ," ಎಂದು ಗುರುವಯ್ಯ ಅವನ ಸ್ವಿಚ್ ಆರಿಸಿ ತಮ್ಮ ಡೀಸೆಲ್ ಪಂಪಿನ ಹಗ್ಗ ಎಳೆದರು.

ಕೆಳಗಿನ ತೋಟದಲ್ಲಿ ನೀರು ಚಿಮ್ಮಿತು. ಗಾಳಿ ಬೀಸಿದಾಗೆಲ್ಲ ನಾಲ್ಕು ಹನಿ ಬೇಲಿ ದಾಟಿ ವೀರೇಂದ್ರನ ಗಿಡಗಳ ಮೇಲೂ ಬಿದ್ದವು. ಅವನು ಗಾಳಿ ಜೋರಾಗಲಿ ಎಂದು ಕಾಯುತ್ತ ನಿಂತ.

ಗುರುವಯ್ಯ ಅದನ್ನು ಗಮನಿಸಿ, ತಮ್ಮ ಸ್ಪ್ರಿಂಕ್ಲರನ್ನು ಹತ್ತಡಿ ಒಳಕ್ಕೆ ಸರಿಸಿದರು.