ದೊಡ್ಡಮ್ಮನ ಒಂದೇ ಪ್ರಶ್ನೆ

ನಮ್ಮ ದೊಡ್ಡಮ್ಮನ ಪ್ರಕಾರ ಮನುಷ್ಯನಿಗೆ ಮನಸ್ಸು ಅನ್ನುವುದು ಇಲ್ಲವೇ ಇಲ್ಲ! ಭುಜ ಇದೆ, ದವಡೆ ಇದೆ, ಹೊಟ್ಟೆ ಇದೆ, ಅಂಗಾಲಿದೆ. ಸಿಟ್ಟು, ಭಯ, ದುಃಖಗಳೆಲ್ಲ ಇವುಗಳಲ್ಲೇ ಎಲ್ಲೋ ಒಂದು ಕಡೆ ಬಿಡಾರ ಹೂಡಿರುತ್ತವೆ. ಅಳುತ್ತಾ ಬಂದವರನ್ನು ನಾವು ನೀವಾದರೆ ಯಾಕೆ, ಏನಾಯಿತು ಎಂದು ಕೇಳುತ್ತೇವೆ. ದೊಡ್ಡಮ್ಮ ಕೇಳುತ್ತಿದ್ದುದು "ಎಲ್ಲಿ?" ಎಂದು ಮಾತ್ರ.

ಎಂಬತ್ತರ ದಶಕದಲ್ಲಿ ನಾನು ಗೌರಿಬಿದನೂರಿನಿಂದ ಬಂದು, ಶಿಡ್ಲಘಟ್ಟದ ಅವಳ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಸ್ವಲ್ಪ ಹೆಚ್ಚಾಯಿತು; ಗಣಿತದಲ್ಲಿ ಡುಮ್ಕಿ ಹೊಡೆದೆ. ಹೈಸ್ಕೂಲು ಮೇಷ್ಟ್ರಾಗಿದ್ದ ದೊಡ್ಡಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡು, ಸೋಲು ಎಂದರೇನು ಎಂಬಲ್ಲಿಂದ ಉಪದೇಶ ಶುರು ಮಾಡಿದರು. ಬೆಲ್ ಹೊಡೆಯುವವರೇ ಇಲ್ಲದ ಪೀರಿಯಡ್ಡು! ದೊಡ್ಡಮ್ಮ ಅಡುಗೆಮನೆಯಿಂದ ಬಂದು ಎಲ್ಲಿ ಎಂದಳು. ನಾನು ಗಂಟಲು ಮುಟ್ಟಿ ತೋರಿಸಿದೆ. ಒರಳಿನ ಮುಂದೆ ಕೂರಿಸಿ, ಅಕ್ಕಿ ಸುರಿದು, ಜೋರಾಗಿ ಉಸಿರು ಬಿಡುತ್ತಾ ರುಬ್ಬು ಎಂದಳು. ಹಿಟ್ಟು ನುಣ್ಣಗಾಗುವಷ್ಟರಲ್ಲಿ ಅಳು ಬಂದು, ಹೋಗಿ, ಹಸಿವೂ ಆಗಿತ್ತು. ಮಾರನೆಯ ದಿನ ಇಡ್ಲಿ ಮೆಲ್ಲುತ್ತಾ ದೊಡ್ಡಪ್ಪ, ನನ್ನ ಮಾತು ಹುಡುಗಿಗೆ ಎಷ್ಟು ಚೆನ್ನಾಗಿ ನಾಟಿದೆ ನೋಡು ಎಂದು ಬೀಗಿದರು.

ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಸಾಹೇಬರಿದ್ದರು. ಒಂದು ದಿನ ಅವರ ಹೆಂಡತಿ ಅತ್ತೆಯ ಜೊತೆ ಜಗಳವಾಡಿಕೊಂಡು ಬಂದು ತಮ್ಮ ದವಡೆ ತೋರಿಸಿದರು. ದೊಡ್ಡಮ್ಮ ಹುರಿಗಡಲೆ ಕೊಟ್ಟು, ಒಂದೊಂದನ್ನೂ ಅತ್ತೆ ಅಂದುಕೊಂಡು ಅಗಿಯಲು ಹೇಳಿದಳು. ಆಕೆ ಮಡಿಲು ತುಂಬ ಅತ್ತೆಯಂದಿರನ್ನು ಅಗಿದು ನಗುತ್ತಾ ಮನೆಗೆ ಹೋದರು. ಸಂಜೆಗೆ ಸಾಕ್ಷಾತ್ ಅತ್ತೆಯೇ ಬಂದು ದವಡೆ ತೋರಿಸಬೇಕೇ! ಪಾಪ, ಅವರ ಬಾಯಲ್ಲಿ ಹಲ್ಲೇ ಇಲ್ಲ. ದೊಡ್ಡಮ್ಮ ಕ್ಷಣ ಯೋಚಿಸಿ ಅವರ ಕೈಗೆ ಒನಕೆ ಕೊಟ್ಟಳು. ಆಮೇಲೆ ನಮ್ಮ ಮನೆಯಲ್ಲಿ ಖಾರದಪುಡಿಗೆ ಕೊರತೆಯಾಗಲಿಲ್ಲ. ಇದು ಚಿಕಿತ್ಸೆಯಲ್ಲ, ಬಿಟ್ಟಿ ಚಾಕರಿ ಎಂದು ದೊಡ್ಡಪ್ಪ ಹಂಗಿಸುತ್ತಿದ್ದರು.

ಹಂಗಿಸಿದವರೂ ಒಂದು ಸಲ ಸಿಕ್ಕಿಬಿದ್ದರು. ಶಾಲೆಯ ತಪಾಸಣೆಯ ದಿನ ಅವರ ಕೈಕಾಲು ತಣ್ಣಗಾಗಿತ್ತು. ದೊಡ್ಡಮ್ಮ ಅವರನ್ನು ಅಂಗಳದಲ್ಲಿ ನಿಲ್ಲಿಸಿ, ಒದ್ದೆ ಬಟ್ಟೆ ಕೊಡವುವ ಹಾಗೆ ಕೈಕಾಲು ಕೊಡವಲು ಹೇಳಿದಳು. ಪಂಚೆ ಎತ್ತಿ ಕಟ್ಟಿ ಅವರು ಕುಣಿಯುತ್ತಿರುವಾಗಲೇ ಇನ್‌ಸ್ಪೆಕ್ಟರು ಮೇಷ್ಟ್ರ ಮನೆ ಹುಡುಕಿಕೊಂಡು ಗೇಟಿಗೆ ಬಂದರು! ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ನಿಂತೇ ಬಂದವರು. ದೊಡ್ಡಮ್ಮ ಅಭ್ಯಾಸಬಲದಿಂದ ಅವರನ್ನೂ ಎಲ್ಲಿ ಎಂದು ಕೇಳಿಬಿಟ್ಟಳು. ಆ ಮನುಷ್ಯ ಸುಮ್ಮನೆ ಕತ್ತು ತೋರಿಸಿದರು. ತಪಾಸಣೆ ಹೇಗಾಯಿತೋ ತಿಳಿಯದು, ಇಬ್ಬರೂ ಕೈ ಕೊಡವುತ್ತಲೇ ಶಾಲೆಯ ಕಡೆ ಹೊರಟರು.

ಯಾಕೆ ಎಂದು ಯಾರನ್ನೂ ಕೇಳುವುದಿಲ್ಲವಲ್ಲ, ಅದೇಕೆ ಎಂದು ಒಮ್ಮೆ ನಾನೇ ಕೇಳಿದೆ. ಅವಳ ತೌರಿನಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಪೊರೆ ಬಿಡುವ ಮುಂಚೆ ಹುಳು ತಿನ್ನುವುದು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.

"ಹುಳ ಜ್ವರಕ್ಕೆ ಕೂತಾಗ ಮೇಲೆ ಸೊಪ್ಪು ಹೇರ್ತಾರೇನೇ?" ಎಂದಳು ದೊಡ್ಡಮ್ಮ. "ಬೆಚ್ಚಗೆ ನೋಡ್ಕೊಂಡ್ರೆ ಸಾಕು. ಎದ್ದಮೇಲೆ ತಾನೇ ತಿನ್ನುತ್ತೆ. ಮಾತೂ ಹಂಗೇ ಕಣೇ."

ಆಗ ನನಗೆ ನಗು ಬಂದಿತ್ತು. ಅದು ಅರ್ಥವಾಗಲು ಕೆಲವು ವರ್ಷ ಬೇಕಾಯಿತು.

ತೊಂಬತ್ತರ ದಶಕದ ಶುರುವಿನಲ್ಲಿ, ಚಿಂತಾಮಣಿಗೆ ಮದುವೆ ಮಾಡಿಕೊಟ್ಟಿದ್ದ ದೊಡ್ಡಮ್ಮನ ಒಬ್ಬಳೇ ಮಗಳು ತೌರಿಗೆ ಬಂದಳು. ಹೆರಿಗೆಯಾಗಿತ್ತು, ಮಗು ದಕ್ಕಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು ಊಟ ಮುಟ್ಟಲಿಲ್ಲ, ಮಾತಾಡಲಿಲ್ಲ, ಅಳಲೂ ಇಲ್ಲ. ವಿಷಯ ತಿಳಿದು ನಾನೂ ಊರಿನಿಂದ ಬಂದೆ. ನೆಂಟರು ಬಂದು ಬಂದು, ಇನ್ನೂ ವಯಸ್ಸಿದೆ, ಮರೆತುಬಿಡು ಎಂದು ಮಾತು ಹೇರಿ ಹೋಗುತ್ತಿದ್ದರು. ಹೀಗೇ ಬಿಟ್ಟರೆ ಹುಡುಗಿ ಉಳಿಯುವುದಿಲ್ಲ ಎಂದು ನಮಗೆಲ್ಲ ಹೆದರಿಕೆ.

ದೊಡ್ಡಮ್ಮ ಬೋಗುಣಿಯಲ್ಲಿ ಬಿಸಿನೀರು ತಂದಳು. ಕೋಣೆಯ ಹೊಸಿಲವರೆಗೆ ಬಂದು ನಿಂತುಬಿಟ್ಟಳು. ಊರವರನ್ನೆಲ್ಲ ಕೇಳಿದ ಪ್ರಶ್ನೆ ಬಾಯಿಂದ ಹೊರಡಲಿಲ್ಲ.

"ನನ್ನ ಕೈಲಿ ಆಗಲ್ಲ ಕಣೇ," ಎಂದು ನನ್ನ ಕಡೆ ತಿರುಗಿದಳು. "ಅವಳು ಎಲ್ಲಿ ತೋರಿಸ್ತಾಳೆ ಅಂತ ನಂಗೊತ್ತು."

ದೊಡ್ಡಪ್ಪ ಎದ್ದು ಬಂದರು. ಇವರಿನ್ನು ಉಪದೇಶ ಶುರು ಮಾಡುತ್ತಾರೆ ಎಂದುಕೊಂಡೆ. ಅವರು ಬೋಗುಣಿ ಇಸಿದುಕೊಂಡು ಒಳಗೆ ಹೋದರು. ಮಗಳನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿ, ಅವಳ ಪಾದಗಳನ್ನು ನೀರಿನಲ್ಲಿಟ್ಟು, ನೆಲದ ಮೇಲೆ ಕೂತರು. ಜೀವಮಾನವಿಡೀ ಮಾತಾಡಿದ ಮೇಷ್ಟ್ರು ಅವತ್ತು ಆಡಿದ್ದು ಇಷ್ಟೇ: "ಎಲ್ಲಿ, ಹೇಳಮ್ಮ."

ಎಷ್ಟೋ ಹೊತ್ತು ಅವಳು ಅಲುಗಲಿಲ್ಲ. ಆಮೇಲೆ ಎರಡೂ ತೋಳುಗಳನ್ನು ಮಡಿಲ ಮೇಲೆ ತೊಟ್ಟಿಲಿನಂತೆ ಹಿಡಿದು ತೋರಿಸಿದಳು. ತೋಳು ನೋಯುತ್ತಿತ್ತು, ಅದರಲ್ಲಿ ಏನೂ ಇರಲಿಲ್ಲ.

ಅದಕ್ಕೆ ಏನು ಮಾಡಬೇಕೆಂದು ದೊಡ್ಡಪ್ಪನಿಗೆ ತಿಳಿಯಲಿಲ್ಲ. ಹೊಸಿಲಿನ ಕಡೆ ನೋಡಿ, "ನಂಗೆ ಬರಲ್ಲ, ನೀನು ಬಾ," ಎಂದರು.

ದೊಡ್ಡಮ್ಮ ಬಂದಳು. ಎಣ್ಣೆ ತರಲಿಲ್ಲ, ಒತ್ತಲಿಲ್ಲ, ಉಜ್ಜಲಿಲ್ಲ. ಮಗಳ ಪಕ್ಕ ಕೂತು, ತನ್ನ ನರೆತ ತಲೆಯನ್ನು ಆ ತೋಳುಗಳ ಮೇಲಿಟ್ಟು ಮಲಗಿಬಿಟ್ಟಳು. ಮಗಳು ಅದನ್ನು ಎದೆಗೆ ಅವುಚಿಕೊಂಡು, ಮೊದಲ ಸಲ ಬಾಯಿಬಿಟ್ಟು ಅತ್ತಳು. ತಾಯಿಯೂ ಅತ್ತಳು. ಬಾಗಿಲಲ್ಲಿ ನಿಂತಿದ್ದ ನಾನೂ ಅತ್ತೆ.

ದೊಡ್ಡಪ್ಪ ಮಾತ್ರ ಬೊಗಸೆಯಲ್ಲಿ ನೀರು ತೆಗೆದು ಮಗಳ ಪಾದಕ್ಕೆ ಹುಯ್ಯುತ್ತಲೇ ಇದ್ದರು. ನೀರು ಎಂದೋ ತಣ್ಣಗಾಗಿತ್ತು. ನಾವ್ಯಾರೂ ಅವರಿಗೆ ಹೇಳಲಿಲ್ಲ.