ಸಾಹೇಬರ ಸ್ಟೌಟು, ಅತ್ತೆಯವರ ಒಲೆ

ಯಾವ ಸಾಮಾನನ್ನಾದರೂ ಹೇಳಿದ ಜಾಗಕ್ಕೆ, ಹೇಳಿದ ಹೊತ್ತಿಗೆ ಮುಟ್ಟಿಸುವುದರಲ್ಲಿ ಬೆಳಗಾವಿ ತಾಲೂಕಿನಲ್ಲೇ ನನಗೆ ಸಮಾನರಿಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವದು. ಎಪ್ಪತ್ತರ ದಶಕದ ಕೊನೆ. ಮಚ್ಛೆಯ ಸಣ್ಣ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಾನು ಗುಮಾಸ್ತ. ಸ್ಟೋರ್‌ಕೀಪರು ನಿವೃತ್ತರಾಗುವವರಿದ್ದರು. ಅವರ ಕೀಲಿಕೈ ಗೊಂಚಲು ಯಾರ ಸೊಂಟಕ್ಕೆ ಬರಬೇಕೆಂಬುದನ್ನು ಮ್ಯಾನೇಜರ್ ಸಾಹೇಬರು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಸಾಹೇಬರು ಮಿಲಿಟರಿಯಿಂದ ಬಂದವರು. ನನ್ನನ್ನು ಕೆಲಸದ ಮೇಲೆ ಗೋವಾಕ್ಕೆ ಕಳಿಸುವಾಗ ಒಂದು ಸ್ಟೌಟು ತರಲು ಹೇಳಿದರು. ನಾನು ಮೂರು ಹೊತ್ತು ವಿಭೂತಿ ಹಚ್ಚುವ ಮನೆಯವನು. ಬೂಟಿನ ಪಾಲಿಶ್ ಇರಬಹುದೆಂದುಕೊಂಡೆ. ಅದು ಕಪ್ಪು ಬಿಯರೆಂದೂ, ಹಡಗಿನಲ್ಲಿ ತಿಂಗಳುಗಟ್ಟಲೆ ಹೋದರೂ ಕೆಡಬಾರದೆಂದು, ಪರದೇಶಕ್ಕೆ ಕಳಿಸಲೆಂದೇ ಖಡಕ್ಕಾಗಿ ತಯಾರಿಸಿದ್ದೆಂದೂ ಸಾಹೇಬರು ತಾಳ್ಮೆಯಿಂದ ತಿಳಿಸಿದರು.

"ರವಿವಾರ ನಿಮ್ಮ ಮನಿಗೆ ಊಟಕ್ಕ ಬರ್ತೀನಿ, ಶಿವಲಿಂಗಪ್ಪ. ಬಾಟ್ಲಿ ಬಂದಿತ್ತಂದ್ರ ಕೀಲಿಕೈ ಮಾತೂ ಅಲ್ಲೇ ಮುಗಸೂಣು."

ಮಡಗಾಂವದಲ್ಲಿ ಬಾಟಲಿ ಸಿಕ್ಕಿತು. ಅದನ್ನು ಧೋತರದಲ್ಲಿ ಸುತ್ತಿ ಚೀಲದ ತಳಕ್ಕಿಟ್ಟೆ. ರೈಲಿನಲ್ಲಿ ತಪಾಸಣೆಗೆ ಬಂದ ಅಬಕಾರಿಯವರು ನನ್ನ ಹಣೆಯ ವಿಭೂತಿ ನೋಡಿ ಚೀಲವನ್ನು ಮುಟ್ಟದೆ ಮುಂದೆ ಹೋದರು. ಅರ್ಧ ಕೀಲಿಕೈ ಆಗಲೇ ನನ್ನ ಸೊಂಟದಲ್ಲಿತ್ತು.

ತವರಿಗೆ ಹೋಗಿದ್ದ ಹೆಂಡತಿ ಗಿರಿಜೆಯನ್ನು ಕರೆತರಲು ಖಾನಾಪುರದಲ್ಲಿ ಇಳಿದೆ. ಅತ್ತೆಯವರು ಪ್ರೀತಿಯ ಭರದಲ್ಲಿ ನನ್ನ ಮೈಲಿಗೆ ಬಟ್ಟೆ ಒಗೆಯಲೆಂದು ಚೀಲ ಕೊಡವಿದರು. ಧೋತರ ಬಂತು. ಅದರ ಹಿಂದೆ ಬಾಟಲಿಯೂ ಬಂತು. ಆ ಮನೆಯಲ್ಲಿ ಮದ್ಯದ ಹೆಸರೆತ್ತಿದರೂ ನೆಲ ಸಾರಿಸಬೇಕು. ನಾನು ಸ್ಥಿರಚಿತ್ತದಿಂದ ನುಡಿದೆ: ಅದು ಟಾನಿಕ್, ಅಶಕ್ತಿಗೆ ಡಾಕ್ಟರು ಕೊಟ್ಟದ್ದು.

ಉತ್ತರ ಲಾಯಕ್ಕಾಗಿತ್ತು. ಲಾಯಕ್ಕಾದದ್ದೇ ತಪ್ಪಾಯಿತು.

"ಗಂಡಸರು ಔಷಧ ಚೀಲದಾಗ ಇಟ್ಕೊಂಡ ತಿರಗತಾರ, ಕುಡಿಯೂದಿಲ್ಲ," ಎಂದರು ಅತ್ತೆ. "ನನ್ನ ಮುಂದ ಕುಡೀರಿ, ಅಳಿಯಾರ."

ಥಂಡಿ ಔಷಧ ಕುಡಿದರೆ ಎದೆ ಕಟ್ಟುತ್ತದೆಂಬುದು ಅವರ ವೈದ್ಯಶಾಸ್ತ್ರ. ಬಾಟಲಿ ಪೂರ್ತಿ ಪಾತೇಲಿಗೆ ಸುರಿದು, ಬೆಲ್ಲ ಮೆಣಸು ಹಾಕಿ ಒಲೆಯ ಮೇಲಿಟ್ಟರು. ನೊರೆ ಹಾಲಿನಂತೆ ಉಕ್ಕಿ ಒಲೆಯನ್ನೇ ಆರಿಸಿತು. ಔಷಧಕ್ಕೆ ಭಾರಿ ಶಕ್ತಿಯಿದೆ ಎಂದು ಅತ್ತೆಯವರು ಮೆಚ್ಚಿದರು. ಏಳು ಸಮುದ್ರ ದಾಟಲೆಂದು ತಯಾರಾದದ್ದು ಖಾನಾಪುರದ ಅಡುಗೆಮನೆ ದಾಟಲಿಲ್ಲ.

ಅತ್ತೆಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. ಲೋಟದ ಮೇಲೆ ಲೋಟ, ಎಲ್ಲವನ್ನೂ ಕುಡಿದೆ. ಹೊರಡುವಾಗ ಅವರ ಪಾದ ಮುಟ್ಟಲು ಬಾಗಿದವನು ಬಾಗಿದಲ್ಲೇ ಉಳಿದೆ.

"ನೋಡ ಗಿರಿಜಾ, ಏಳಾಕೂ ಆಗವಲ್ದು. ಎಷ್ಟ ಅಶಕ್ತಿ ಐತಿ!"

ಅಂಗಡಿಯ ಟಾನಿಕ್ಕು ನಾಟಲಿಲ್ಲವೆಂದು ತೀರ್ಮಾನಿಸಿದ ಅತ್ತೆ, ತಾವೇ ಬೇರುನಾರು ಕುದಿಸಿ ಕಷಾಯ ಮಾಡಿ, ಅದೇ ಬಾಟಲಿಗೆ ತುಂಬಿ, ಬಾಯಿಗೆ ಅರಿವೆ ತುರುಕಿ ಕೊಟ್ಟರು.

ಬೆಳಗಾವಿಯ ಹಾದಿಯಲ್ಲಿ ಗಿರಿಜೆಗೆ ನಿಜ ಹೇಳಿದೆ. ಸಾಹೇಬರಿಗೂ ಖರೇ ಹೇಳಿಬಿಡಿ ಎಂದಳು ಅವಳು. ಆದರೆ ಹಿಡಿದ ಕೆಲಸ ಬಿಡುವ ಜಾತಿ ನನ್ನದಲ್ಲ. ಕಷಾಯವೂ ಕಪ್ಪು, ಕಹಿ. ಕೊರತೆಯಿದ್ದುದು ನೊರೆಯೊಂದರದು. ಅದಕ್ಕೆ ಗೋಲಿ ಸೋಡಾ ಇದೆಯಲ್ಲ!

ರವಿವಾರ ಹಿಂದವಾಡಿಯ ನಮ್ಮ ಮನೆಗೆ ಸಾಹೇಬರು ಕೆಮ್ಮುತ್ತಲೇ ಬಂದರು. ಮಿಶ್ರಣವನ್ನು ಸ್ಟೀಲ್ ಲೋಟದಲ್ಲಿ ಸಾದರಪಡಿಸಿದೆ. ಅವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ನಾನು ಕೀಲಿಕೈಗಾಗಿ ಸೊಂಟದಲ್ಲಿ ಜಾಗ ಮಾಡಿಕೊಂಡೆ.

"ಇದರಾಗ ಶುಂಠಿ ಐತಿ," ಎಂದರು ಸಾಹೇಬರು.

ಎಕ್ಸ್‌ಪೋರ್ಟ್ ಮಾಲೆಂದರೆ ಹಾಗೇ ಇರುತ್ತದೆ ಎಂದೆ. ಅಷ್ಟರಲ್ಲಿ ರೊಟ್ಟಿ ತಂದ ಗಿರಿಜೆಯ ಸಹನೆ ಮುಗಿದಿತ್ತು.

"ಅದು ನಮ್ಮವ್ವನ ಕಷಾಯ ರೀ ಸಾಹೇಬ್ರ. ನಿಮ್ಮ ಬಾಟ್ಲಿ ಇವರೇ ಖಾನಾಪುರದಾಗ ಕುಡದ ಬಂದಾರ."

ಸಾಹೇಬರು ನನ್ನನ್ನೂ ನನ್ನ ವಿಭೂತಿಯನ್ನೂ ದೀರ್ಘವಾಗಿ ನೋಡಿದರು.

"ಸ್ಟೋರ್‌ಕೀಪರ್ ಅಂದ್ರ ಸಾಮಾನ ಕಾಯಾಂವ, ಶಿವಲಿಂಗಪ್ಪ," ಎಂದವರು ಮಾತು ನಿಲ್ಲಿಸಿದರು. ಗಂಟಲು ಸರಿಪಡಿಸಿಕೊಂಡರು. ಕೆಮ್ಮು ಬರಲಿಲ್ಲ. ಲೋಟ ಬರಿದುಮಾಡಿ ಮುಂದೆ ಚಾಚಿದರು. "ಇದ ಇನ್ನೊಂದ ಬಾಟ್ಲಿ ಸಿಗತೈತೇನು? ಸೋಡಾ ಬ್ಯಾಡ."

ಕೀಲಿಕೈ ಪ್ಯಾಕಿಂಗ್ ಖಾತೆಯವನ ಸೊಂಟಕ್ಕೆ ಹೋಯಿತು. ಕಾರ್ಖಾನೆಯಲ್ಲಿ ನಾನು ಸಾಹೇಬರ ಬಾಟಲಿಯನ್ನೇ ಕುಡಿದ ಧೀರನೆಂದು ಹೆಸರಾದೆ. ಖಾನಾಪುರದಲ್ಲಿ ವಾಸಿಯಾಗದ ರೋಗಿ. ಸಾಹೇಬರ ಕೆಮ್ಮಿಗೆಂದು ತಿಂಗಳು ತಿಂಗಳೂ ಅಲ್ಲಿಗೆ ಹೋಗಬೇಕು. ಬಾಟಲಿ ತುಂಬಿಸುವ ಮೊದಲು ಅತ್ತೆಯವರ ಕಣ್ಣೆದುರು ನಾನೊಂದು ಲೋಟ ಕುಡಿಯಲೇಬೇಕು.

ಅಂದಿನಿಂದ ನಾನು ಸಾಮಾನನ್ನು ಹೇಳಿದ ಜಾಗಕ್ಕೆ, ಹೇಳಿದ ಹೊತ್ತಿಗೆ ಮುಟ್ಟಿಸುತ್ತಲೇ ಬಂದಿದ್ದೇನೆ.

ಕಷಾಯ ಮಾತ್ರ.